ಮೊಣಕಾಲಿಗೊಂದು ಸೋಮವಾರ

ಚಂದನಾ, ಹರ್ಷ, ಒಂದೇ ಸೂರಿನಡಿ ಇದ್ದುಕೊಂಡು ಈ ಅಜ್ಜಿ ಹಾಳೆಗಟ್ಟಲೆ ಬರೆದು ಕೊಡುತ್ತಿದ್ದಾಳಲ್ಲ ಎಂದು ನಗಬೇಡಿ. ಎದುರಿಗೆ ಕೂರಿಸಿಕೊಂಡು ಹೇಳುವುದು ನನಗೆ ಬರುವುದಿಲ್ಲ. ಎರಡು ಮಾತಾಡುವಷ್ಟರಲ್ಲಿ ಸೆರಗಿನ ತುದಿ ಹುಡುಕುತ್ತೇನೆ, ಮೂರನೆಯ ಮಾತಿಗೆ ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾಗುತ್ತದೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಅವಳು ಎದ್ದು ಹೇಳಿ ಶಭಾಷ್ ಅನ್ನಿಸಿಕೊಳ್ಳುತ್ತಿದ್ದಳು. ಇದನ್ನೂ ಅಂಥದೇ ಒಂದು ಸ್ಲೇಟು ಎಂದುಕೊಳ್ಳಿ.

ಹೋದ ಸೋಮವಾರ ಬೆಳಿಗ್ಗೆ ಹರ್ಷ ಷೂ ಹಾಕಿಕೊಳ್ಳುತ್ತಾ ಗೋಡೆ ನೋಡಿದ. ಕ್ಯಾಲೆಂಡರಿನ ಮೊಳೆಗೆ ನನ್ನ ಹೆಜ್ಜೆ ಎಣಿಸುವ ವಾಚು ನೇತಾಡುತ್ತಿತ್ತು.

"ಅಜ್ಜಿ, ವಾಚ್ ಕೆಟ್ಟೋಯ್ತಾ?" ಎಂದ.

"ಇಲ್ಲ ಕಣಪ್ಪ, ಇವತ್ತು ಸೋಮವಾರ" ಎಂದೆ.

ವಾಚು ಉಪವಾಸವಿದೆ ಎಂದು ಹೇಳಿದ ಹಾಗೆ ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಸ್ಕೂಲಿನ ಆಟೋ ಬಂತು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಬಾಯಲ್ಲಿ ಉಳಿದದ್ದು ಕೈಗೆ ಇಳಿದು ಹೀಗೆ ಹಾಳೆಯ ಮೇಲೆ ಬರುತ್ತಿದೆ. ಸ್ವಲ್ಪ ಉದ್ದವಾದೀತು. ಬೇಸರವಾದರೆ ನಡುನಡುವೆ ಬಿಟ್ಟು ಓದಿ, ನನಗೇನೂ ಗೊತ್ತಾಗುವುದಿಲ್ಲ.

ನಡೆಯುವುದು ನನಗೆ ಹೊಸದಲ್ಲ. ಮದುವೆಯಾಗಿ ಗೂಳೂರಿನಲ್ಲಿದ್ದಾಗ ತೋಟಕ್ಕೆ ಬುತ್ತಿ ಹೊತ್ತು ಹೋಗಿ, ಬರುವಾಗ ಒಣಗಿದ ತೆಂಗಿನ ಗರಿ ಎಳೆದುಕೊಂಡು ಬರುತ್ತಿದ್ದೆ. ಆಗ ಅದಕ್ಕೆ ವಾಕಿಂಗ್ ಎಂಬ ಹೆಸರಿರಲಿಲ್ಲ. ನೀರು ತರುವುದು, ಬುತ್ತಿ ಕೊಡುವುದು, ಎಮ್ಮೆ ಹುಡುಕುವುದು ಎಂದೆಲ್ಲ ಹೆಸರಿತ್ತು. ನಿಮ್ಮಪ್ಪನಿಗೆ ಕೆಲಸವಾಗಿ ತುಮಕೂರಿಗೆ ಬಂದ ಮೇಲೆ ನಲ್ಲಿಯೇ ಮನೆಯೊಳಗೆ ಬಂತು, ಹಾಲು ಬಾಗಿಲಿಗೆ ಬಂತು, ತರಕಾರಿ ಗಾಡಿ ಬೀದಿಗೆ ಬಂತು. ಮಿಕ್ಕಿದ್ದನ್ನು ನಿಮ್ಮ ತಾತ ತರುತ್ತಿದ್ದರು. ಅವರು ಹೋದಾಗ ನನಗೆ ಈ ಊರಿನಲ್ಲಿ ಗೊತ್ತಿದ್ದದ್ದು ನಮ್ಮ ಬೀದಿ, ಬೀದಿ ಕೊನೆಯ ಗುಡಿ, ಅಷ್ಟೇ. ಹತ್ತು ವರ್ಷ ಇದ್ದ ಊರಿನಲ್ಲಿ ಬಸ್‌ಸ್ಟ್ಯಾಂಡ್ ಯಾವ ಕಡೆ ಎಂದು ಯಾರಾದರೂ ಕೇಳಿದ್ದರೆ ನಾನೂ ಅವರ ಜೊತೆ ಸೇರಿ ಹುಡುಕಬೇಕಿತ್ತು.

ಆ ವರ್ಷವೇ ಚಂದನಾ ನನ್ನ ಕೈಗೆ ಈ ವಾಚು ಕಟ್ಟಿದ್ದು. ದಿನಕ್ಕೆ ಆರು ಸಾವಿರ ಹೆಜ್ಜೆ ಹಾಕಬೇಕು, ಹಾಕಿದರೆ ಅದು ಗುರ್ ಎಂದು ನಡುಗಿ ಹೂಮಳೆ ತೋರಿಸುತ್ತದೆ ಎಂದು ಹೇಳಿಕೊಟ್ಟೆ ನೀನು. ಪಾರ್ಕಿನ ಗೇಟಿನವರೆಗೂ ಬಿಟ್ಟು ಬಂದೆ. ಸೀರೆಯ ಕೆಳಗೆ ಷೂ ಹಾಕಿಕೊಂಡು ಬೀದಿಯಲ್ಲಿ ನಡೆಯಲು ನನಗೆ ಎಷ್ಟು ನಾಚಿಕೆಯೆಂದರೆ, ಒಂದು ತಿಂಗಳು ಅವನ್ನು ತರಕಾರಿ ಚೀಲದಲ್ಲಿ ಇಟ್ಟುಕೊಂಡು ಹೋಗಿ ಪಾರ್ಕಿನ ಕಲ್ಲುಬೆಂಚಿನ ಹಿಂದೆ ಹಾಕಿಕೊಳ್ಳುತ್ತಿದ್ದೆ. ಬರುವಾಗ ಅದೇ ಚೀಲದಲ್ಲಿ ಸೊಪ್ಪು. ನಿಮ್ಮಮ್ಮ ಒಂದು ದಿನ ಸಾರಿಗೆ ಹಾಕುವಾಗ, ಸೊಪ್ಪಿಗೆ ಇದೇನು ಕ್ಯಾನ್ವಾಸ್ ವಾಸನೆ ಎಂದದ್ದು ಇದರಿಂದಲೇ. ಈಗ ಹೇಳುತ್ತಿದ್ದೇನೆ, ಆಗ ಹೇಳಲಿಲ್ಲ.

ಪಾರ್ಕಿನಲ್ಲಿ ಹೆಂಗಸರ ಒಂದು ಗುಂಪು. ನಾನು ಸೇರಿದ ಮೇಲೆ ಎಂಟು ಜನ. ಅದಕ್ಕೆ ಮುಖ್ಯಸ್ಥೆ ಶಾರದಮ್ಮ ಮೇಡಂ, ಹೈಸ್ಕೂಲಿನಲ್ಲಿ ಆಟ ಹೇಳಿಕೊಡುತ್ತಿದ್ದು ರಿಟೈರಾದವರು. ಕೆಲಸ ಬಿಟ್ಟರೂ ಕೊರಳ ಸೀಟಿ ಬಿಟ್ಟಿರಲಿಲ್ಲ. ಇನ್ನೊಬ್ಬಳು ಗಂಗಮ್ಮ. ಗುಬ್ಬಿಯಲ್ಲಿ ಹುಟ್ಟಿದವಳು, ಬಾಯಿಗೆ ಬಾಗಿಲಿಲ್ಲ. ನಾನು ಮೊದಲ ವಾರವೆಲ್ಲ ಅವರಿಗಿಂತ ಇಪ್ಪತ್ತು ಹೆಜ್ಜೆ ಹಿಂದೆ, ಅವರಿಗೂ ನನಗೂ ಸಂಬಂಧವೇ ಇಲ್ಲದ ಹಾಗೆ ನಡೆಯುತ್ತಿದ್ದೆ. ಎಂಟನೇ ದಿನ ಗಂಗಮ್ಮ ತಿರುಗಿ ನಿಂತು, "ಏನವ್ವ, ನಮ್ಮ ಹಿಂದೆ ಬರಾಕೆ ನಾವೇನು ಮೆರವಣಿಗೇನಾ? ಮುಂದಕ್ ಬಾ" ಎಂದಳು. ಅಂದಿನಿಂದ ನಾನು ಅವಳ ಎಡಗಡೆಯವಳು. ಮನೆಯ ಹೊರಗೆ ನನಗೊಂದು ಜಾಗ ಸಿಕ್ಕಿದ್ದು ಅದೇ ಮೊದಲು. ಬೆಳಿಗ್ಗೆ ಆರಕ್ಕೆ, ಗಂಗಮ್ಮನ ಎಡಗಡೆ.

ಗುಂಪಿಗೊಂದು ಕಾನೂನಿತ್ತು. ಒಂದು ದಿನ ತಪ್ಪಿಸಿದವರು ಮಾರನೇ ದಿನ ಎಲ್ಲರಿಗೂ ತಿಂಡಿ ತರಬೇಕು. ತಿಂಡಿ ಮಾಡುವುದು ಕಷ್ಟವಲ್ಲ, ಡಬ್ಬಿ ಮುಚ್ಚಳ ತೆಗೆದಾಗ ಮೇಡಂ ಎಲ್ಲರ ಮುಂದೆ ಕಾರಣ ಕೇಳುತ್ತಿದ್ದರಲ್ಲ, ಅದು ಕಷ್ಟ. ಏಳು ಜನರ ಮುಂದೆ ನಿಂತು ಕಾರಣ ಹೇಳುವುದಕ್ಕಿಂತ ನಡೆಯುವುದೇ ವಾಸಿ ಎಂದು ನಾನು ಮಳೆಯಲ್ಲಿ ನಡೆದೆ, ನೆಗಡಿಯಲ್ಲಿ ನಡೆದೆ, ಏಕಾದಶಿಯ ಉಪವಾಸದಲ್ಲೂ ನಡೆದೆ. ವಾಚು ದಿನವೂ ಹೂಮಳೆ ಸುರಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಮೇಡಂ, ಕಾರ್ತಿಕ ಮಾಸದಲ್ಲಿ ಎಲ್ಲರೂ ಕುಣಿಗಲ್ಲಿನಿಂದ ಯಡಿಯೂರು ಸ್ವಾಮಿಯ ಗುಡಿಗೆ ನಡೆದು ಹೋಗೋಣ ಎಂದರು. ಮಿಕ್ಕವರಿಗೆ ಅದು ಒಂದು ಯಾತ್ರೆ. ನನಗೆ ಮಾತ್ರ ಅದು ಬರೀ ಯಾತ್ರೆಯಾಗಿರಲಿಲ್ಲ.

ಯಾಕೆಂದು ಹೇಳುತ್ತೇನೆ. ಆ ದಾರಿಯ ಸುಮಾರು ನಡುವಿನಲ್ಲೇ ನನ್ನ ತವರೂರು. ನಮ್ಮಪ್ಪ ಅವ್ವ ವರ್ಷಕ್ಕೊಂದು ಸಲ ಊರಿನಿಂದ ಯಡಿಯೂರಿಗೆ ನಡೆದುಕೊಂಡೇ ಹೋಗುತ್ತಿದ್ದರು. ನಾನೂ ಬರುತ್ತೇನೆ ಎಂದರೆ ಬರುವ ವರ್ಷ ಎನ್ನುತ್ತಿದ್ದರು. ಬರುವ ವರ್ಷ ಬರುವ ವರ್ಷ ಎನ್ನುತ್ತಲೇ ನನ್ನ ಮದುವೆಯಾಯಿತು. ಆಮೇಲೆ ನಿಮ್ಮ ತಾತನ ಜೊತೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಊರ ತಿರುವಿನ ಹುಣಸೆಮರ ಬಂದಾಗ ಕಿಟಕಿಗೆ ಹಣೆ ಒತ್ತಿ ಕೂರುತ್ತಿದ್ದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹಿಂದಕ್ಕೆ ಓಡಿ ಹೋಗುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಆ ದಾರಿಯನ್ನು ನನ್ನ ಕಾಲಿನಿಂದ ನಡೆಯಬೇಕು ಎಂಬ ಆಸೆ ಅರವತ್ತು ವರ್ಷದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮ್ಮ ತಾತನಿಗೂ ಹೇಳಿರಲಿಲ್ಲ. ಹೇಳಿದ್ದರೆ ಪಾಪ, ಅವರು ಬಸ್ ನಿಲ್ಲಿಸುತ್ತಿದ್ದರೋ ಏನೋ.

ಆಸೆ ಬಲವಾದ ಮೇಲೆ ಬುದ್ಧಿ ಸಣ್ಣದಾಗುತ್ತದೆ. ಆರು ಸಾವಿರ ಸಾಲದು, ಎಂಟು ಬೇಕು, ಹತ್ತು ಬೇಕು ಎಂದು ಪಾರ್ಕು ಮುಗಿದ ಮೇಲೆ ಮನೆಯ ತಾರಸಿಯ ಮೇಲೂ ಸುತ್ತತೊಡಗಿದೆ. ಇಪ್ಪತ್ತು ದಿನಕ್ಕೆ ಬಲಗಾಲಿನ ಮೊಣಕಾಲು ಹಿಟ್ಟು ನಾದಿಟ್ಟ ಹಾಗೆ ಊದಿಕೊಂಡಿತು. ಮೆಟ್ಟಿಲಿಳಿಯುವಾಗ ಯಾರೋ ಒಳಗಿನಿಂದ ಚಿಲಕ ಹಾಕಿದ ಹಾಗಾಗುತ್ತಿತ್ತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚಿದೆ. ಸೀರೆಯನ್ನು ಎರಡಂಗುಲ ಇಳಿಸಿ ಉಟ್ಟೆ. ಕುಂಟುವುದು ಕಾಣಬಾರದೆಂದು ಗಂಗಮ್ಮನ ಎಡಗಡೆ ಬಿಟ್ಟು ಬಲಗಡೆಗೆ ಹೋದೆ. "ಇದೇನ್ ಸಿದ್ದಮ್ಮ, ಪಾರ್ಟಿ ಬದಲಾಯಿಸ್ದೆ?" ಎಂದಳು. ನಕ್ಕು ಮುಂದೆ ನಡೆದೆ.

ಈಗ ಕಡೆಗೋಲಿನ ವಿಷಯ. ಚಂದನಾಗೆ ಅರ್ಧ ಗೊತ್ತು, ಇಲ್ಲಿ ಪೂರ್ತಿ ಬರೆಯುತ್ತೇನೆ.

ನಾನು ದಿನ ಬಿಟ್ಟು ದಿನ ಕೆನೆ ಮೊಸರು ಕಡೆದು ಬೆಣ್ಣೆ ತೆಗೆಯುವುದು ನಿಮಗೆ ಗೊತ್ತಲ್ಲ. ಮಿಕ್ಸಿಯಲ್ಲಿ ಎರಡು ನಿಮಿಷದ ಕೆಲಸ ಎಂದು ನಿಮ್ಮಮ್ಮ ಹೇಳಿದರೂ ನನಗೆ ಅಂಗೈ ನಡುವೆ ಕಡೆಗೋಲು ತಿರುಗಿಸಿದರೇ ಸಮಾಧಾನ. ಒಂದು ದಿನ ಹಾಗೆ ಕಡೆಯುವಾಗ ನೋಡುತ್ತೇನೆ, ಕೈಯ ವಾಚು ಹೆಜ್ಜೆ ಎಣಿಸುತ್ತಿದೆ. ಪಾಪದ ವಸ್ತು, ಕೈ ಆಡಿದ್ದನ್ನೇ ಕಾಲು ನಡೆದದ್ದು ಎಂದು ನಂಬಿತ್ತು. ಆಗ ನಕ್ಕು ಬಿಟ್ಟಿದ್ದೆ. ಮೊಣಕಾಲು ತೀರಾ ಹಟ ಹಿಡಿದು ಪಾರ್ಕಿನಿಂದ ಅರ್ಧಕ್ಕೇ ಹಿಂದಿರುಗಿದ ದಿನ ಅದು ನೆನಪಾಯಿತು. ವಾಚಿನಲ್ಲಿ ಎರಡು ಸಾವಿರವಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ಸ್ಟೂಲಿನ ಮೇಲೆ ಕೂತು, ಇನ್ನೊಂದರ ಮೇಲೆ ಕಾಲು ನೀಡಿ, ಪಾತ್ರೆ ಮುಂದಿಟ್ಟುಕೊಂಡು ಕಡೆಯಲು ಶುರುಮಾಡಿದೆ.

ಬೆಣ್ಣೆ ಬಂತು. ಸಾಮಾನ್ಯ ದಿನವಾಗಿದ್ದರೆ ಅಲ್ಲಿಗೆ ನಿಲ್ಲಿಸಿ ಉಂಡೆ ಕಟ್ಟುತ್ತಿದ್ದೆ. ವಾಚಿನಲ್ಲಿ ಇನ್ನೂ ಮೂರೂವರೆ ಸಾವಿರ. ಕಡೆದೆ. ಮಧ್ಯಾಹ್ನದ ಸೆಕೆ, ಅಡುಗೆಮನೆಯ ಕಾವು, ಬೆಣ್ಣೆ ಮೆತ್ತಗಾಯಿತು. ಕಡೆದೆ. ಮುದ್ದೆಯಾಗಿದ್ದದ್ದು ಕಾಳಾಯಿತು, ಕಾಳು ನುಚ್ಚಾಯಿತು, ನುಚ್ಚು ಜಿಡ್ಡಾಗಿ ಮಜ್ಜಿಗೆಯಲ್ಲೇ ಸೇರಿಕೊಂಡಿತು. ಅಷ್ಟರಲ್ಲಿ ವಾಚು ಗುರ್ ಎಂದು ನಡುಗಿತು. ಕೈಯಲ್ಲಿ ಹೂಮಳೆ, ಪಾತ್ರೆಯಲ್ಲಿ ಬೆಣ್ಣೆಯಿಲ್ಲ. ನನ್ನವ್ವ ಬದುಕಿದ್ದಿದ್ದರೆ ಕಡೆಗೋಲಿನಲ್ಲೇ ತಲೆಗೆ ಕುಟ್ಟುತ್ತಿದ್ದಳು. ಬಂದ ಬೆಣ್ಣೆಯನ್ನು ತೆಗೆದುಕೊಳ್ಳಲು ಗೊತ್ತಿಲ್ಲದವಳು ಎಂಥ ಹೆಂಗಸು.

ಸಂಜೆ, ಚಂದನಾ, ನೀನು ಕಾಲೇಜಿನಿಂದ ಬಂದು ಫೋನು ನೋಡಿದೆ.

"ಅಜ್ಜಿ, ಮಧ್ಯಾಹ್ನ ಒಂದೇ ಸಮ ನಾಕು ಸಾವಿರ ಹೆಜ್ಜೆ ಹಾಕಿದೀಯ. ಎಲ್ಲಿಗ್ ಹೋಗಿದ್ದೆ?"

"ಅಡುಗೆಮನೆಗೆ" ಎಂದೆ.

ನೀನು ನಗಲಿಲ್ಲ. ಬಂದು ನನ್ನ ಮುಂದೆ ಕೆಳಗೆ ಕೂತು, ಸೀರೆ ಸರಿಸಿ ಮೊಣಕಾಲು ನೋಡಿದೆ. ಮಾರನೇ ದಿನ ಡಾಕ್ಟರ ಮುಂದೆ ಕೂರಿಸಿದವಳೂ ನೀನೇ. ಅವರು ಒತ್ತಿ, ಮಡಿಸಿ, ಹತ್ತು ದಿನ ನಡೆಯಬೇಡಿ ಎಂದರು. ಆಮೇಲೆ ನಿಧಾನವಾಗಿ ಶುರುಮಾಡಿ, ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಿ ಎಂದರು. ನಾನು ಕೇಳಲಾರದ ಪ್ರಶ್ನೆಯನ್ನು ನೀನೇ ಕೇಳಿದೆ, ಕಾರ್ತಿಕದಲ್ಲಿ ಯಡಿಯೂರಿಗೆ ನಡೆಯಬಹುದೇ ಎಂದು. ಅದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು.

"ಈಗ ನಿಲ್ಸಿದ್ರೆ ಆಗ ನಡೀಬಹುದು. ಈಗ ನಡೆದ್ರೆ ಆಗ ನಿಲ್ಸಬೇಕಾಗುತ್ತೆ" ಎಂದರು ಅವರು, ಚೀಟಿ ಬರೆಯುತ್ತಲೇ.

ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬೇರೆ ಹೆದರಿಕೆ. ಹತ್ತು ದಿನ ಹೋಗದಿದ್ದರೆ ಗಂಗಮ್ಮನ ಎಡಗಡೆಗೆ ಇನ್ಯಾರಾದರೂ ಬರುತ್ತಾರೆ. ಯಾತ್ರೆಗೆ ನನ್ನನ್ನು ಕರೆಯುವುದಿಲ್ಲ. ಹತ್ತು ದಿನ ಕೂತವಳು ಹನ್ನೊಂದನೇ ದಿನ ಏಳುತ್ತಾಳೆಯೇ? ಮತ್ತೆ ನಮ್ಮ ಬೀದಿ, ಬೀದಿ ಕೊನೆಯ ಗುಡಿ. ಮೊಣಕಾಲು ನೋವು ಎಂದು ಅವರ ಮುಂದೆ ಹೇಳಿದರೆ, ಇವಳ ಕೈಲಾಗುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ ಎನ್ನಿಸಿತು. ಅದಕ್ಕೆ ಗುಬ್ಬಿಯಲ್ಲಿರುವ ನನ್ನ ತಂಗಿ ನಾಗುವಿನ ಮನೆಯಲ್ಲಿ ಗೃಹಪ್ರವೇಶ, ಹೋಗಿ ಬರುತ್ತೇನೆ ಎಂದು ಗಂಗಮ್ಮನಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಸುಳ್ಳು ಹೇಳಿದ ಮೇಲೆ ಬೀದಿಯಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಎಂದು ಹೆದರಿ ನಿಜವಾಗಿಯೂ ಗುಬ್ಬಿಗೆ ಹೋದೆ. ಸುಳ್ಳನ್ನು ನಿಜ ಮಾಡಲು ಬಸ್ ಹತ್ತಿದವಳು ನಾನೊಬ್ಬಳೇ ಇರಬೇಕು.

ನಾಗು ನನ್ನ ಹಾಗಲ್ಲ. ಮಾತು, ನಗು, ಎರಡೂ ಜಾಸ್ತಿ. ಅವಳ ಮನೆಯ ಮೇಲೆ ಆಗಾಗ ಹೆಲಿಕಾಪ್ಟರ್ ಹಾರುತ್ತದೆ, ಬಿದರೆಹಳ್ಳ ಕಾವಲಿನ ಕಾರ್ಖಾನೆಯದು. ಅವಳ ಮಗ ಅಲ್ಲೇ ಕೆಲಸಕ್ಕೆ ಹೋಗುತ್ತಾನೆ. ಹಾರುವುದಕ್ಕಿಂತ ಇಳಿಸಿ ಬಿಚ್ಚಿ ನೋಡುವುದೇ ಅದಕ್ಕೆ ಹೆಚ್ಚು ಹೊತ್ತು ಎಂದು ಅವನು ಹೇಳಿದಾಗ, ನಾಗು ನನ್ನ ಕಾಲು ನೋಡಿ ಕೆಮ್ಮಿದಳು. ನಾನು ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದೆ. ಕೂತಿದ್ದೆ ಎಂದರೆ ಮೈ ಮಾತ್ರ. ಗಡಿಯಾರ ಆರು ಹೊಡೆದರೆ ಈಗ ಅವರು ಗೇಟಿನಲ್ಲಿದ್ದಾರೆ, ಆರೂಕಾಲಕ್ಕೆ ಹೊಂಗೆಮರ ದಾಟಿದರು, ಆರೂವರೆಗೆ ಮೇಡಂ ಸೀಟಿ ಹೊಡೆದರು ಎಂದು ಮನಸ್ಸು ಪಾರ್ಕು ಸುತ್ತುತ್ತಿತ್ತು. ಮಾಡದ ತಪ್ಪಿಗೆ ಹೊರಗೆ ನಿಲ್ಲಿಸಿದ ಮಗುವಿನ ಹಾಗೆ ಅನ್ನ ಸೇರುತ್ತಿರಲಿಲ್ಲ. ಕೂತಲ್ಲೇ ಎಡಗಾಲು ಆಡಿಸುತ್ತಿದ್ದೆ. ನಾಗು ಅಕ್ಕಿ ಆರಿಸುತ್ತಾ ಅದನ್ನೇ ನೋಡುತ್ತಿದ್ದವಳು ತಟ್ಟೆ ಕೆಳಗಿಟ್ಟಳು.

"ಅಕ್ಕ, ಅಪ್ಪ ಇದ್ದಿದ್ರೆ ನಿನ್ನ ಕೊಟ್ಟಿಗೇಲಿ ಕಟ್ಟಾಕ್ತಿದ್ದ. ಇವತ್ತು ಸೋಮವಾರ."

ಅಷ್ಟೇ ಅವಳು ಹೇಳಿದ್ದು. ಆದರೆ ಅರವತ್ತು ವರ್ಷದ ಹಿಂದಿನ ಕೊಟ್ಟಿಗೆಯ ಗಂಜಲದ ವಾಸನೆ ನನ್ನ ಮೂಗಿಗೆ ಬಂತು.

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಮಕ್ಕಳೇ. ಬಸವಣ್ಣನ ದಿನ. ಆರು ಕಟ್ಟುವುದು, ಅಂದರೆ ಉಳುವುದು, ಇಲ್ಲ. ಗಾಡಿ ಕಟ್ಟುವುದೂ ಇಲ್ಲ. ನಮ್ಮಪ್ಪನ ಎರಡು ಎತ್ತು, ಕೆಂದ ಮತ್ತು ಬೆಳ್ಳ. ಸೋಮವಾರ ಅವನ್ನು ಕೆರೆಯಲ್ಲಿ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹುಲ್ಲು ಹಾಕಿ ಬಿಡುತ್ತಿದ್ದ. ಒಂದು ವರ್ಷ ಮುಂಗಾರು ತಡವಾಯಿತು. ಕಾದು ಕಾದು ಒಂದು ಭಾನುವಾರ ಸಂಜೆ ಹದವಾದ ಮಳೆ ಬಂತು. ಸೋಮವಾರ ಬೆಳಿಗ್ಗೆ ನೆಲ ಹೇಗಿತ್ತೆಂದರೆ, ಬರಿಗಾಲಿಟ್ಟರೆ ಮುದ್ದೆಗೆ ಬೆರಳಿಟ್ಟ ಹಾಗೆ. ಪಕ್ಕದ ಹೊಲದವರು ಕದ್ದು ಮುಚ್ಚಿ ಎತ್ತು ಕಟ್ಟಿದರು. ನಮ್ಮಪ್ಪ ಜಗಲಿಯ ಮೇಲೆ ಕತ್ತಾಳೆ ನಾರು ಹೊಸೆಯುತ್ತಾ ಕೂತಿದ್ದ. ಹದ ಆರಿಹೋಗುತ್ತದೆ ಎಂದು ಅವ್ವ ಒಳಗೂ ಹೊರಗೂ ಓಡಾಡುತ್ತಿದ್ದಳು. ನಾನು ಅಪ್ಪನ ಪಕ್ಕ ಕೂತು, ಒಂದೇ ಒಂದು ದಿನ ಹೂಡಿದರೆ ಏನಾಗುತ್ತದೆ ಎಂದು ಪಿಸುಗುಟ್ಟಿ ಕೇಳಿದೆ. ಅಪ್ಪನ ಹತ್ತಿರ ಮಾತ್ರ ನನಗೆ ಮಾತು ಬರುತ್ತಿತ್ತು.

"ಅವುಕ್ಕೆ ಬಾಯಿಲ್ಲ ಕಣವ್ವ" ಎಂದ ಅಪ್ಪ. "ದಣಿವಾಯ್ತು, ಇವತ್ತು ಆಗಾಕಿಲ್ಲ ಅಂತ ಹೇಳಾಕ್ ಬರಾಕಿಲ್ಲ. ಹೊಡುದ್ರೆ ನಡೀತವೆ. ಬೀಳೋಗಂಟ ನಡೀತವೆ. ಅದ್ಕೇ ಹಿರೀಕ್ರು ಅವುಗಳ ಪರವಾಗಿ ಒಂದು ದಿನ ಹೇಳಿಟ್ಟವ್ರೆ. ಹದ ನೋಡ್ಕಂಡು ಅದುನ್ನ ತಪ್ಪಿಸಿದ್ರೆ, ಆಮೇಲೆ ದಿನಾಲೂ ಹದವೇ."

ಮಂಗಳವಾರ ಬೆಳಕು ಹರಿಯುವ ಮೊದಲೇ ಹೂಡಿದ. ಕೆಂದ ಬೆಳ್ಳ ಎರಡೂ ಜಿಗಿದುಕೊಂಡು ಹೋದವು. ಮೇಲಿನ ಹದ ಆರಿದ್ದರೂ ಒಳಗೆ ತೇವವಿತ್ತು. ಆ ವರ್ಷ ರಾಗಿ ಅವರಷ್ಟೇ ನಮಗೂ ಆಯಿತು. ಹೆಚ್ಚೇನೂ ಆಗಲಿಲ್ಲ, ನಾನು ಕಥೆ ಕಟ್ಟುವುದಿಲ್ಲ. ಕಡಿಮೆಯೂ ಆಗಲಿಲ್ಲ.

ಅವತ್ತು ಅವ್ವ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ್ದಳು. ಸೋಮವಾರ ಗಂಡಸರು ಮನೆಯಲ್ಲಿರುವುದರಿಂದ ಅವಳಿಗೆ ಒಂದು ಒಲೆ ಹೆಚ್ಚೇ ಉರಿಯುತ್ತಿತ್ತು. ಸೌದೆ ಕಂಕುಳಲ್ಲಿಟ್ಟುಕೊಂಡು, "ಎತ್ತಿಗಾದ್ರೂ ಸೋಮವಾರ ಐತೆ" ಎಂದಳು. ಅಪ್ಪ ತಲೆಯೆತ್ತಲಿಲ್ಲ. ನಾರು ಹೊಸೆಯುವ ಕೈ ಮಾತ್ರ ಒಂದು ಗಳಿಗೆ ನಿಂತಿತು.

ನಾಗುವಿನ ಜಗಲಿಯ ಮೇಲೆ ಕೂತು ನಾನು ನನ್ನ ಮೊಣಕಾಲು ನೋಡಿಕೊಂಡೆ. ಇದಕ್ಕೂ ಬಾಯಿಲ್ಲ. ಇದರ ಒಡತಿಗಂತೂ ಮೊದಲೇ ಇಲ್ಲ. ಬಾಯಿಲ್ಲದ ಎರಡು ಜೀವ ಸೇರಿ ಹೊಡೆದಷ್ಟೂ ನಡೆದಿದ್ದೆವು. ಎಡಗಾಲು ಆಡಿಸುವುದನ್ನು ನಿಲ್ಲಿಸಿದೆ. ಕೈಯ ವಾಚು ಬಿಚ್ಚಿ ನಾಗುವಿನ ಮನೆಯ ಗೂಡಿನಲ್ಲಿಟ್ಟೆ. ಆ ಮಧ್ಯಾಹ್ನ ಮುದ್ದೆ ಉಂಡು, ಚಾಪೆಯ ಮೇಲೆ ಮಲಗಿ, ಸಂಜೆ ದೀಪ ಹಚ್ಚುವವರೆಗೆ ನಿದ್ದೆ ಮಾಡಿದೆ. ತಪ್ಪು ಮಾಡಿದೆ ಎಂದು ಒಂದು ಸಲವೂ ಎಚ್ಚರವಾಗಲಿಲ್ಲ.

ಹನ್ನೊಂದನೇ ದಿನ ಪಾರ್ಕಿಗೆ ಹೋದೆ. ಡಬ್ಬಿಯಲ್ಲಿ ಚಿತ್ರಾನ್ನ. ಮೇಡಂ ಎಲ್ಲರ ಮುಂದೆ, "ಗೃಹಪ್ರವೇಶ ಚೆನ್ನಾಗಾಯ್ತಾ ಸಿದ್ದಮ್ಮನೋರೆ?" ಎಂದರು. ಆಯಿತು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಸೆರಗಿನ ತುದಿ ಕೈಗೆ ಸಿಕ್ಕಿತ್ತು, ಅದನ್ನು ಬಿಟ್ಟೆ.

"ಗೃಹಪ್ರವೇಶ ಇರ್ಲಿಲ್ಲ ಮೇಡಂ. ಮೊಣಕಾಲು ಊದಿತ್ತು. ಕೂತಿದ್ದೆ" ಎಂದೆ. ಒಂದು ಸಲ ಬಾಯಿ ತೆರೆದ ಮೇಲೆ ಮಿಕ್ಕಿದ್ದೂ ಬಂತು. "ಇನ್ಮೇಲೆ ಸೋಮವಾರ ನಡೆಯಲ್ಲ. ತಿಂಡಿ ಬೇಕಾದ್ರೆ ಪ್ರತಿ ಮಂಗಳವಾರ ತರ್ತೀನಿ. ಕಾರಣ ಮಾತ್ರ ಕೇಳಬೇಡಿ."

ಗಂಗಮ್ಮ ಚಿತ್ರಾನ್ನಕ್ಕೆ ಕೈ ಹಾಕಿ, ಬಾಯಲ್ಲಿ ತುಂಬಿಕೊಂಡೇ, "ಹೋದ ತಿಂಗಳು ನಂಗೆ ಬೀಗರು ಬಂದಿದ್ರಲ್ಲ, ಅವರ್ಯಾರೂ ಬಂದಿರ್ಲಿಲ್ಲ ಬುಡು. ಸೊಂಟ ಹಿಡ್ಕಂಡಿತ್ತು" ಎಂದಳು. ಆಮೇಲೆ ಒಬ್ಬೊಬ್ಬರದೇ ಹೊರಬಿತ್ತು. ಇಷ್ಟು ವರ್ಷ ಈ ಗುಂಪಿನಲ್ಲಿ ನಡೆದ ನಾಮಕರಣ, ನಿಶ್ಚಿತಾರ್ಥಗಳಲ್ಲಿ ಅರ್ಧಕ್ಕರ್ಧ ಸೊಂಟ, ಹಿಮ್ಮಡಿ, ತಲೆಸುತ್ತುಗಳೇ ಆಗಿದ್ದವು. ಮೇಡಂ ಮಾತ್ರ ಸೀಟಿಯನ್ನು ಬೆರಳಲ್ಲಿ ಸುತ್ತುತ್ತಾ ನಿಂತಿದ್ದರು.

ಅಂದಿನಿಂದ ನಿಧಾನವಾಗಿ, ಒಂದು ಸುತ್ತು, ಎರಡು ಸುತ್ತು, ಸೋಮವಾರ ಸೊನ್ನೆ. ಕಾರ್ತಿಕ ಬರುವಷ್ಟರಲ್ಲಿ ಮೊಣಕಾಲು ಚಿಲಕ ತೆಗೆದಿತ್ತು.

ಒಂದು ಭಾನುವಾರ ಮೊದಲ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಎಂಟೂ ಜನ ನಡೆಯತೊಡಗಿದೆವು. ಅರ್ಧ ದಾರಿ ನಡೆದು ನನ್ನ ತವರಿನಲ್ಲಿ ನನ್ನ ತಮ್ಮ ಶಿವಣ್ಣನ ಮನೆಯಲ್ಲಿ ಉಳಿಯುವುದು, ಸೋಮವಾರ ಮಿಕ್ಕರ್ಧ ನಡೆದು ಸ್ವಾಮಿಯ ವಾರದ ದಿನವೇ ದರ್ಶನ ಮಾಡುವುದು ಎಂದು ಮೇಡಂ ಗೊತ್ತು ಮಾಡಿದ್ದರು. ಸ್ವಾಮಿಯ ವಾರದ ಮುಂದೆ ನನ್ನ ಸೋಮವಾರ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ನೆನಪು ಮಾಡಲು ನನಗೆ ಬಾಯಿ ಬಂದಿರಲಿಲ್ಲ. ಹುಣಸೆಮರದ ತಿರುವಿಗೆ ಬಂದಾಗ ಮಧ್ಯಾಹ್ನ ಮೀರಿತ್ತು. ಬಸ್ಸಿನ ಕಿಟಕಿಯಲ್ಲಿ ಓಡಿ ಹೋಗುತ್ತಿದ್ದ ಆ ಮರ ಈ ಸಲ ನಾನು ಬರುವವರೆಗೂ ನಿಂತಿತ್ತು. ಬೊಡ್ಡೆ ಮುಟ್ಟಿದೆ. ಅದರ ತೊಗಟೆ ಇಷ್ಟು ಒರಟು ಎಂದು ನನಗೆ ಮರೆತೇಹೋಗಿತ್ತು.

ಸೋಮವಾರ ಬೆಳಿಗ್ಗೆ ಎದ್ದರೆ ಮೊಣಕಾಲು ಬೆಚ್ಚಗಿತ್ತು. ಊತ ಇನ್ನೂ ಬಂದಿರಲಿಲ್ಲ, ಬರುತ್ತೇನೆ ಎಂದು ಹೇಳಿ ಕಳುಹಿಸಿತ್ತು. ಮೇಡಂ ಸೀಟಿ ಹೊಡೆದರು. ಎಲ್ಲರೂ ಷೂ ಕಟ್ಟಿದರು. ನಾನು ಜಗಲಿಯ ಮೇಲೆ ಕೂತೇ ಇದ್ದೆ.

"ಏಳವ್ವ, ಸ್ವಾಮಿ ವಾರ ಇವತ್ತು. ಇಷ್ಟು ದೂರ ಬಂದು ಸೋಮವಾರ ತಪ್ಪಿಸ್ಕಂತಾರಾ?" ಎಂದಳು ಗಂಗಮ್ಮ.

ಎದ್ದರೆ ಹೋಗಬಹುದಿತ್ತು. ಹೊಡೆದರೆ ನಡೆಯುತ್ತಿತ್ತು ಕಾಲು. ಅರವತ್ತು ವರ್ಷದ ಆಸೆ ಇನ್ನು ಅರ್ಧವೇ ಉಳಿದಿತ್ತು. ಅವರೆಲ್ಲ ಮುಂದೆ ಹೋಗಿ ನಾನೊಬ್ಬಳೇ ಉಳಿದರೆ ಆ ಅರ್ಧ ಹಾಗೇ ಉಳಿಯಬಹುದಿತ್ತು. ಅಪ್ಪ ಕೂತಿದ್ದ ಜಗಲಿ ಅದೇ. ಮಣ್ಣು ಹೋಗಿ ಸಿಮೆಂಟ್ ಬಂದಿದೆ, ಅಷ್ಟೇ.

"ನೀವು ಹೋಗ್ಬನ್ನಿ" ಎಂದೆ. "ಈ ಕಾಲಿಗೆ ಇವತ್ತು ಸೋಮವಾರ. ನಾನು ನಾಳೆ ಬರ್ತೀನಿ. ಸ್ವಾಮಿ ಮಂಗಳವಾರ ಊರು ಬಿಟ್ಟು ಎಲ್ಲೂ ಹೋಗಲ್ಲ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ನಡುಗಲಿಲ್ಲ. ಸ್ವಲ್ಪ ಹೊತ್ತು ಚರ್ಚೆಯಾಯಿತು. ಹರಕೆ ಹೊತ್ತಿದ್ದ ಮೂವರು, ಬೇಸರ ಮಾಡಿಕೊಳ್ಳಬೇಡ ಸಿದ್ದಮ್ಮ ಎಂದು ಹೇಳಿ ಹೊರಟರು. ನನಗೆ ನಿಜವಾಗಿಯೂ ಬೇಸರವಾಗಲಿಲ್ಲ, ಅವರ ಕಾಲು ಅವರಿಗೆ ಏನು ಹೇಳಿತೋ ನನಗೇನು ಗೊತ್ತು. ಗಂಗಮ್ಮ ಗೊಣಗುತ್ತಾ ನನ್ನ ಪಕ್ಕ ಕೂತಳು, ನಾನು ಅವಳ ಎಡಗಡೆ. ಇನ್ನಿಬ್ಬರು ಕೂತರು. ಕೊನೆಗೆ ಶಾರದಮ್ಮ ಮೇಡಂ ಷೂ ಬಿಚ್ಚಿದರು. ಅವರ ಎರಡೂ ಹಿಮ್ಮಡಿಗೆ ಬಟ್ಟೆಪಟ್ಟಿ ಸುತ್ತಿತ್ತು. ನಾವು ನೋಡಿದ್ದನ್ನು ನೋಡಿ, "ಮೂರು ತಿಂಗಳಾಯ್ತು" ಎಂದರು. ಸೀಟಿಯನ್ನು ಕೊರಳಿನಿಂದ ತೆಗೆದು ಷೂ ಒಳಗೆ ಹಾಕಿದರು.

ಕೊಟ್ಟಿಗೆಯಲ್ಲಿ ಈಗ ಎತ್ತಿಲ್ಲ, ಶಿವಣ್ಣನ ಟ್ರ್ಯಾಕ್ಟರ್ ಇದೆ. ಅದನ್ನೂ ಅವನು ಸೋಮವಾರ ಹೊರಗೆ ತೆಗೆಯುವುದಿಲ್ಲ, ತೊಳೆದು ಮೂತಿಗೆ ಕುಂಕುಮ ಇಟ್ಟಿದ್ದ. ಗಂಗಮ್ಮ ಅದಕ್ಕೆ ಕೈ ಮುಗಿದಳು, ಅವಳು ತಮಾಷೆಗೆ ಮುಗಿದಳೋ ನಿಜಕ್ಕೂ ಮುಗಿದಳೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಪಾತ್ರೆಯ ಸದ್ದು. ಐದು ಜನ ಹೆಚ್ಚಿನವರು ಉಳಿದೆವಲ್ಲ, ನನ್ನ ತಮ್ಮನ ಹೆಂಡತಿ ರತ್ನ ಸೌದೆ ಎತ್ತಿಕೊಂಡು ಬಾಗಿಲಿಗೆ ಬಂದಳು. ಗ್ಯಾಸ್ ಸಾಲದೆಂದು ಹಿತ್ತಿಲ ಒಲೆ ಹೊತ್ತಿಸಲು ಹೊರಟಿದ್ದಳು. ಅದೇ ಬಾಗಿಲು, ಕಂಕುಳಲ್ಲಿ ಅದೇ ಸೌದೆ.

ನಾನು ಎದ್ದು ಹೋಗಿ ಸೌದೆ ಇಳಿಸಿ, ಅವಳನ್ನು ತಂದು ಜಗಲಿಯ ಮೇಲೆ ಕೂರಿಸಿದೆ.

"ಶಿವಣ್ಣ, ನಿನ್ನ ಟ್ರ್ಯಾಕ್ಟರ್‌ಗೂ ಸೋಮವಾರ ಐತೆ" ಎಂದೆ. "ಇವಳಿಗೆ ಯಾವಾಗ್ಲಾ?"

ಅವನು ನನ್ನ ಮುಖ ನೋಡಿದ. ಹುಟ್ಟಿದಾಗಿನಿಂದ ನಾನು ಅವನಿಗೆ ದನಿಯೆತ್ತಿ ಹೇಳಿದ ಮೊದಲ ಮಾತು ಅದು. ಟವೆಲ್ ಸೊಂಟಕ್ಕೆ ಸುತ್ತಿಕೊಂಡು ಒಳಗೆ ಹೋದ. ರವೆ ಎಲ್ಲಿದೆ, ಸಾಸಿವೆ ಎಲ್ಲಿದೆ ಎಂದು ಒಳಗಿನಿಂದ ಕೂಗಿ ಕೇಳುತ್ತಾ ಉಪ್ಪಿಟ್ಟು ಮಾಡಿ ತಂದ. ಗಂಟುಗಂಟಾಗಿತ್ತು, ಉಪ್ಪು ಎರಡು ಸಲ ಬಿದ್ದಿತ್ತು. ಆರು ಜನ ಹೆಂಗಸರು ಜಗಲಿಯ ಮೇಲೆ ಕಾಲು ನೀಡಿ ಸಾಲಾಗಿ ಕೂತು ಅದನ್ನು ತಿಂದೆವು. ರತ್ನ ಎರಡನೇ ಸಲ ಹಾಕಿಸಿಕೊಂಡಳು. ನನ್ನವ್ವ ಇದ್ದಿದ್ದರೆ ಅವಳೂ ಹಾಕಿಸಿಕೊಳ್ಳುತ್ತಿದ್ದಳು.

ಮಂಗಳವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಕಾಲು ಕೆಂದ ಬೆಳ್ಳನ ಹಾಗೆ ಜಿಗಿಯಿತು ಎಂದರೆ ಸುಳ್ಳಾಗುತ್ತದೆ. ಆದರೆ ತಕರಾರಿಲ್ಲದೆ ನಡೆಯಿತು. ದಾರಿಯ ಪಕ್ಕದ ಮೋರಿಕಟ್ಟೆಗಳ ಮೇಲೆಲ್ಲ ಕೂತೆವು, ಕೂತಾಗ ಯಾರೂ ಕಾರಣ ಕೇಳಲಿಲ್ಲ. ಯಡಿಯೂರಿನ ಗುಡಿಯಲ್ಲಿ ಮಂಗಳವಾರ ಜನವೂ ಕಡಿಮೆ. ಸ್ವಾಮಿಯ ಮುಂದೆ ನಿಂತು, ಅಪ್ಪ ಅವ್ವ ಬರುವ ವರ್ಷ ಎಂದು ಹೇಳಿದ್ದ ವರ್ಷ ಇವತ್ತು ಬಂತು ಎಂದು ಹೇಳಿಕೊಂಡೆ. ಜೋರಾಗಿಯೇ ಹೇಳಿದೆನಂತೆ. ಪೂಜಾರಿ ತಿರುಗಿ ನೋಡಿದರು ಎಂದು ಗಂಗಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಇದು, ಹರ್ಷ, ವಾಚು ಮೊಳೆಗೆ ನೇತಾಡುವ ಕಾರಣ. ಚಂದನಾ, ನೀನು ಖೊಖೊ ಆಡುವವಳು, ಕಾಲಿನ ಮಾತು ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಆದರೂ ಎಂದಾದರೂ ಅದು ಬೇಡ ಎಂದಾಗ ನಿನಗೆ ನಾಚಿಕೆಯಾದರೆ, ಈ ಬಾಯಿಲ್ಲದ ಅಜ್ಜಿ ಏಳು ಜನರ ಮುಂದೆ ಏನೆಂದಳು ಎಂದು ನೆನೆಸಿಕೋ. ಬೆಣ್ಣೆ ಬಂದಾಗ ತೆಗೆದಿಟ್ಟುಕೋ.

ಈ ಹಾಳೆಗಳನ್ನು ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಈ ಮನೆಯಲ್ಲಿ ಎಂದೂ ಕಳೆದುಹೋಗದ್ದು ಅದೊಂದೇ. ಮುಂದೆ ಯಾವಾಗಲಾದರೂ ತೆಗೆದು ಓದುವುದಾದರೆ, ಹೋಗುವ ಆತುರದಲ್ಲಿ ನಿಂತುಕೊಂಡು ಓದಬೇಡಿ. ಒಂದು ಸೋಮವಾರ ನೋಡಿ, ಕಾಲು ನೀಡಿ ಕೂತು ಓದಿ.